ಮಂಗಳವಾರದ ಮಾತ್ರೆ

ನಿವೃತ್ತಿಯಾದ ಮೇಲೆ ವಿಜಯವಾಡದಲ್ಲಿ ಮಗಳ ಮನೆಯಲ್ಲಿದ್ದೇನೆ. ಕಳೆದ ಯುಗಾದಿಗೆ ವಿಶಾಖಪಟ್ಟಣಕ್ಕೆ ಹೋಗಿದ್ದಾಗ, ಅಲ್ಲಿನ ಕನ್ನಡದವರು ಸೇರುವ ಊಟದ ಪಂಕ್ತಿಯಲ್ಲಿ ಇಬ್ಬರು ಹುಡುಗಿಯರು ನನ್ನ ಪಕ್ಕ ಕೂತರು. ಒಬ್ಬಳು ಹಾಸನದವಳು, ಇನ್ನೊಬ್ಬಳು ಕೊಪ್ಪಳದವಳು. ಇಬ್ಬರೂ ನರ್ಸಿಂಗ್ ಮುಗಿಸಿ, ದುವ್ವಾಡದ ಕಡೆ ಔಷಧಿ ಕಾರ್ಖಾನೆಯೊಂದರ ಆರೋಗ್ಯ ಕೇಂದ್ರಕ್ಕೆ ಆಗಷ್ಟೇ ಸೇರಿದ್ದರು. ಕೆಲಸ ಹೇಗಿದೆ ಎಂದು ಕೇಳಿದೆ. ಆರಾಮ ಆಂಟಿ, ಕಾರ್ಮಿಕರ ಬಿ.ಪಿ. ನೋಡಿ ‘ಫಿಟ್’ ಅಂತ ಬರೆದು ಸೀಲ್ ಒತ್ತೋದು, ಅಷ್ಟೆ ಎಂದರು. ನಾನು ಕೈಯಲ್ಲಿದ್ದ ಹೋಳಿಗೆ ಕೆಳಗಿಟ್ಟೆ. ಆ ಗದ್ದಲದಲ್ಲಿ ಹೇಳುವ ವಿಷಯವಾಗಿರಲಿಲ್ಲ. ಬರೆದು ಕಳಿಸುತ್ತೇನೆ ಎಂದೆ. ಹೇಳಿದ ಮೇಲೆ ಮಾಡಬೇಕು. ಬರೆಯುತ್ತಿದ್ದೇನೆ.

ಮೊದಲು ಬಿ.ಪಿ. ನೋಡುವ ಕ್ರಮ. ನನಗೆ ಕಲಿಸಿದ ಮೇಟ್ರನ್ ತುಮಕೂರಿನಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಹೇಳಿಕೊಟ್ಟದ್ದು ಇದು. ಬಂದವರನ್ನು ಐದು ನಿಮಿಷ ಸುಮ್ಮನೆ ಕೂರಿಸಬೇಕು. ಬೆನ್ನಿಗೆ ಆಸರೆ ಇರಬೇಕು. ಪಟ್ಟಿ ಕಟ್ಟಿದ ತೋಳು ಎದೆಯ ಮಟ್ಟದಲ್ಲಿರಬೇಕು. ಅವರೂ ಮಾತಾಡಬಾರದು, ನೀವೂ ಮಾತಾಡಬಾರದು. ಕಂಡ ಅಂಕಿಯನ್ನೇ ಬರೆಯಬೇಕು. ಸಾಲುಸಾಲಾಗಿ 120/80 ಎಂದು ಬರೆದಿರುವ ರಿಜಿಸ್ಟರ್ ಕಂಡರೆ ಅದನ್ನು ಬರೆದವರು ಪಟ್ಟಿಯನ್ನೇ ಕಟ್ಟಿಲ್ಲ ಎಂದು ತಿಳಿಯಿರಿ. ಒಂದೇ ಒಂದು ದಿನದ ಹೊರತು ನಾನು ಮೂವತ್ತನಾಲ್ಕು ವರ್ಷ ಈ ಕ್ರಮ ಬಿಡಲಿಲ್ಲ. ಪಾದರಸದ ಯಂತ್ರ ಹೋಗಿ ಬ್ಯಾಟರಿಯ ಯಂತ್ರ ಬಂದಾಗಲೂ ಬಿಡಲಿಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಕ್ರಮ ಬಿಡದೆಯೂ ಎಷ್ಟು ಕೆಡಿಸಬಹುದು ಎಂಬುದೇ ನಾನು ಹೇಳಹೊರಟಿರುವುದು.

ನನ್ನ ಮೊದಲ ಕೆಲಸ ವಿಜಯವಾಡದ ಒಂದು ಖಾಸಗಿ ಆಸ್ಪತ್ರೆಯಲ್ಲಿ. ನಮ್ಮ ಯಜಮಾನರಿಗೆ ಅಲ್ಲಿ ರೈಲ್ವೆ ಕೆಲಸ. ಮೂರು ಮಹಡಿಯ ಕಟ್ಟಡ. ಮೇಲಿನ ಮಹಡಿಯಲ್ಲಿ ಸ್ಪೆಷಲ್ ರೂಮುಗಳು, ಕೆಳಗೆ ಜನರಲ್ ವಾರ್ಡು. ಮೇಲಿನವರಿಗೆ ದಿನಕ್ಕೆ ನಾಲ್ಕು ಸಲ ಬಿ.ಪಿ. ನೋಡಬೇಕು, ಕೆಳಗಿನವರಿಗೆ ಎರಡು ಸಲ, ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಆರಕ್ಕೆ. ಕಾಯಿಲೆ ನೋಡಿ ಮಾಡಿದ ಲೆಕ್ಕವಲ್ಲ ಅದು, ಕೋಣೆ ನೋಡಿ ಮಾಡಿದ್ದು. ನನಗೆ ಆಗ ಅದು ವಿಚಿತ್ರ ಅನಿಸಲಿಲ್ಲ. ಚಾರ್ಟಿನಲ್ಲಿತ್ತು, ಮಾಡಿದೆ.

ಒಂದು ಮಧ್ಯಾಹ್ನ ಜನರಲ್ ವಾರ್ಡಿನಲ್ಲಿದ್ದ ಆಟೋ ಚಾಲಕನೊಬ್ಬನ ಹೆಂಡತಿ ನನ್ನ ಹಿಂದೆಯೇ ಮೆಟ್ಟಿಲವರೆಗೆ ಬಂದಳು. ಅವರಿಗೆ ತಲೆ ಸಿಡಿಯುತ್ತಿದೆಯಂತೆ ಅಮ್ಮಾ, ಸ್ವಲ್ಪ ನೋಡಿ ಎಂದಳು. ನಾನು ಗೋಡೆಯ ಗಡಿಯಾರ ನೋಡಿದೆ. ಮೂರೂ ಕಾಲು. ಆರು ಗಂಟೆಗೆ ನೋಡುತ್ತೇನೆ ಎಂದು ಹೇಳಿ ಮೇಲೆ ಹೋದೆ. ಮೇಲೆ ಒಬ್ಬ ಬಟ್ಟೆ ವ್ಯಾಪಾರಿಯ ಬಿ.ಪಿ. ಆ ದಿನ ಮೂರನೆಯ ಸಲ ನೋಡಬೇಕಿತ್ತು. ಎರಡು ದಿನದಿಂದ ಅವನಿಗೆ ಏನೂ ಇರಲಿಲ್ಲ, ಆಗಲೂ ಇರಲಿಲ್ಲ. ಆರಕ್ಕೆ ಕೆಳಗೆ ಬಂದಾಗ ಚಾಲಕನ ಬಾಯಿ ಒಂದು ಕಡೆಗೆ ಎಳೆದಿತ್ತು. ಬಲಗೈ ಹಾಸಿಗೆಯ ಅಂಚಿನಿಂದ ಕೆಳಗೆ ಜೋತುಬಿದ್ದಿತ್ತು. ಹೆಂಡತಿ ಅದನ್ನೆತ್ತಿ ಮೇಲಿಡುವುದು, ಅದು ಮತ್ತೆ ಜಾರುವುದು. ಆಟೋ ಓಡಿಸುವ ಕೈ.

ವಿಚಾರಣೆ ಏನೂ ನಡೆಯಲಿಲ್ಲ. ದೊಡ್ಡ ಡಾಕ್ಟರು ಚಾರ್ಟ್ ತರಿಸಿಕೊಂಡು ನೋಡಿ, ಸರಿಯಾಗಿದೆ, ನಿಮ್ಮದೇನೂ ತಪ್ಪಿಲ್ಲ ಎಂದರು. ಆ ಮಾತನ್ನು ನಾನು ಬಹಳ ವರ್ಷ ಹಿಡಿದುಕೊಂಡಿದ್ದೆ.

ಆಮೇಲೆ ಯಜಮಾನರಿಗೆ ವರ್ಗವಾಯಿತು. ನನಗೂ ವಿಶಾಖಪಟ್ಟಣದಲ್ಲಿ ಒಂದು ದೊಡ್ಡ ಕಾರ್ಖಾನೆಯ ಆರೋಗ್ಯ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಯಾವ ಕಾರ್ಖಾನೆ ಎಂದು ಹೇಳುವುದಿಲ್ಲ. ನೀವು ಸೇರಿರುವ ಕಾರ್ಖಾನೆಯೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ.

ಅಲ್ಲಿ ಎರಡು ರಿಜಿಸ್ಟರ್ ಇದ್ದವು. ಕಾಯಂ ನೌಕರರದು ನೀಲಿ ರಟ್ಟಿನದು, ಗುತ್ತಿಗೆ ಕಾರ್ಮಿಕರದು ಕಂದು ರಟ್ಟಿನದು. ನೀಲಿ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಬಿ.ಪಿ., ಸಕ್ಕರೆ, ಕೊನೆಯಲ್ಲಿ ‘ಚಿಕಿತ್ಸೆ’ ಎಂಬ ಅಂಕಣ. ಕಂದು ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಬಿ.ಪಿ., ಕೊನೆಯಲ್ಲಿ ‘ಫಿಟ್ / ಅನ್‌ಫಿಟ್’. ಬಿ.ಪಿ. ಹೆಚ್ಚಿರುವ ಕಾಯಂ ನೌಕರನಿಗೆ ಕಾರ್ಖಾನೆಯ ಟೌನ್‌ಶಿಪ್ಪಿನ ಆಸ್ಪತ್ರೆಯಿಂದ ನಮ್ಮ ಕೇಂದ್ರಕ್ಕೆ ಬರುವ ಮೂರು ತಿಂಗಳ ಮಾತ್ರೆ, ಉಪ್ಪು ಕಡಿಮೆ ಮಾಡಿ ಎಂಬ ಉಪದೇಶ, ಮತ್ತೆ ಬರುವ ದಿನ. ಗುತ್ತಿಗೆಯವನಿಗೆ ಒಂದು ಪದ. ಇಬ್ಬರೂ ಒಂದೇ ಹೊಗೆಯಲ್ಲಿ, ಒಂದೇ ಕಾವಿನಲ್ಲಿ ಕೆಲಸ ಮಾಡುತ್ತಿದ್ದರು. ಎತ್ತರ ಹತ್ತುವ ಕೆಲಸವೆಲ್ಲ ಗುತ್ತಿಗೆಯವರದೇ ಆಗಿತ್ತು.

ಎತ್ತರಕ್ಕೆ ಹತ್ತಬೇಕಾದರೆ ಹೈಟ್ ಪಾಸ್ ಬೇಕು. ಅದಕ್ಕೆ ಮಂಗಳವಾರ ಬೆಳಿಗ್ಗೆ ನಮ್ಮಲ್ಲಿ ಬಿ.ಪಿ. ಪರೀಕ್ಷೆ. ಎತ್ತರದಲ್ಲಿ ನಿಂತು ಕೆಲಸ ಮಾಡಲು ಕಬ್ಬಿಣದ ಪೈಪುಗಳ ಸಾರುವೆ ಕಟ್ಟುವವರು, ಪೇಂಟ್ ಹೊಡೆಯುವವರು ಸಾಲಾಗಿ ಬರುತ್ತಿದ್ದರು, ಹೆಚ್ಚಿನವರು ಶ್ರೀಕಾಕುಳಂ ಕಡೆಯವರು. ಅವರನ್ನು ಕರೆತರುತ್ತಿದ್ದವನು ಮೇಸ್ತ್ರಿ ಸತ್ಯಂ, ಬಹಳ ಮೆತ್ತಗೆ ಮಾತಾಡುವ ಮನುಷ್ಯ. ನಾನು ಒಬ್ಬೊಬ್ಬರನ್ನೂ ಐದು ನಿಮಿಷ ಕೂರಿಸಿ ನೋಡುತ್ತಿದ್ದೆ. ಆಶ್ಚರ್ಯವೆಂದರೆ ಎಲ್ಲರ ಬಿ.ಪಿ. ಚೆನ್ನಾಗಿಯೇ ಇರುತ್ತಿತ್ತು. ಅದೇ ವಯಸ್ಸಿನ ಕಾಯಂ ನೌಕರರ ಅಂಕಿಗಳೋ, ನೀಲಿ ರಿಜಿಸ್ಟರಿನ ತುಂಬ ಕೆಂಪು ಶಾಯಿ.

ಇಲ್ಲಿ ನನ್ನ ದಡ್ಡತನ ಹೇಳಬೇಕು. ಟೌನ್‌ಶಿಪ್ಪಿನ ಮಹಿಳಾ ಸಂಘದಲ್ಲಿ ಆರೋಗ್ಯದ ಬಗ್ಗೆ ಮಾತಾಡಲು ಕರೆದರು. ನಾನು ಎರಡೂ ರಿಜಿಸ್ಟರುಗಳ ವಿಷಯ ಹೇಳಿದೆ. ಗುತ್ತಿಗೆಯವರನ್ನು ನೋಡಿ ಕಲಿಯಬೇಕು, ಮೈಮುರಿದು ದುಡಿಯುತ್ತಾರೆ, ಗಂಜಿ ಉಣ್ಣುತ್ತಾರೆ, ಅವರಿಗೆ ಬಿ.ಪಿ. ಇಲ್ಲ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಬಡತನದಲ್ಲಿ ಆರೋಗ್ಯವಿದೆ ಎಂದು ಕೇಳುವುದು ಹೊಟ್ಟೆ ತುಂಬಿದವರಿಗೆ ಹಿತವಾಗಿರುತ್ತದೆ. ಹೇಳಿದ ನನಗೂ ಹಿತವಾಗಿಯೇ ಇತ್ತು.

ಮರುದಿನ ಸೇಫ್ಟಿ ಆಫೀಸರ್ ಪಾಟೀಲರು ಕೇಂದ್ರಕ್ಕೆ ಬಂದರು. ಧಾರವಾಡದವರು. ಕಾರ್ಖಾನೆಯಲ್ಲಿ ನನ್ನೊಂದಿಗೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ನನ್ನ ಭಾಷಣದ ವಿಷಯ ಹೆಂಡತಿಯಿಂದ ತಿಳಿದಿತ್ತು. ತೋಳು ಚಾಚಿ ಕೂತು, “ಸಿಸ್ಟರ್, ಹಂಗಂದ್ರ ನನ್ನೂ ಗುತ್ತಿಗಿ ಮ್ಯಾಲ ಹಾಕ್ಸಿಬಿಡ್ರಿ. ನನ್ನ ಬಿ.ಪಿ.ನೂ ಇಳೀಲಿ” ಎಂದರು. ನಾನು ನಗಲಿಲ್ಲ. ಬಿ.ಪಿ. ನೋಡುವಾಗ ಮಾತಾಡಬಾರದು ಎಂದೆ.

ಕೆಲವು ವಾರಗಳ ನಂತರ ಒಂದು ಮಂಗಳವಾರ. ಸಾಲಿನಲ್ಲಿ ನಾಲ್ಕನೆಯವನು ಅಪ್ಪಲರಾಜು. ಸಾರುವೆ ಕಟ್ಟುವುದರಲ್ಲಿ ಹತ್ತು ವರ್ಷ ಪಳಗಿದವನು. ನಲವತ್ತೆರಡು ವಯಸ್ಸು, ಒಣಗಿದ ಕೈಕಾಲು, ಮಾತು ಕಡಿಮೆ. ಪಟ್ಟಿ ಕಟ್ಟಿದೆ. 92/58 ತೋರಿಸಿತು. ಯಂತ್ರ ಕೆಟ್ಟಿರಬೇಕೆಂದು ಇನ್ನೊಮ್ಮೆ ನೋಡಿದೆ. ಅಷ್ಟೇ ಇತ್ತು. ಅವನು ಎದ್ದ, ಎರಡು ಹೆಜ್ಜೆ ಇಟ್ಟ, ಕಾಲು ಮಡಿಸಿ ಕೂರುವವನ ಹಾಗೆ ನೆಲಕ್ಕೆ ಬಿದ್ದ.

ಕಾಲುಗಳನ್ನು ಎತ್ತಿ ಹಿಡಿಸಿ, ಅಂಗಿಯ ಗುಂಡಿ ಬಿಚ್ಚುವಾಗ ಜೇಬಿನಿಂದ ಮಾತ್ರೆಯ ಪಟ್ಟಿಯ ತುಂಡು ಬಿತ್ತು. ಬಿ.ಪಿ. ಮಾತ್ರೆ. ಮೂರು ಗುಳಿ ಖಾಲಿ. ಪಟ್ಟಿಯ ಹಿಂಬದಿಯಲ್ಲಿ ನೀಲಿ ಶಾಯಿಯ ಮುದ್ರೆ, ಮಾರಾಟಕ್ಕಲ್ಲ ಎಂದು. ನಮ್ಮ ಟೌನ್‌ಶಿಪ್ಪಿನ ಆಸ್ಪತ್ರೆಯದೇ ಮುದ್ರೆ.

ಅವನು ಕಣ್ಣು ಬಿಟ್ಟ ಮೇಲೆ ಕೇಳಿದೆ. ಸಿಂಹಾದ್ರಿ ಅಪ್ಪನ್ನ ಸಾಕ್ಷಿ, ನಾನು ಏನೂ ನುಂಗಿಲ್ಲ ಎಂದ. ಸಿಂಹಾಚಲದ ದೇವರನ್ನು ಆ ಕಡೆಯವರು ಅಪ್ಪನ್ನ ಎನ್ನುತ್ತಾರೆ, ಇವನ ಹೆಸರೂ ಆ ದೇವರದೇ. ನಾನು ಪಟ್ಟಿಯ ತುಂಡು ಎತ್ತಿ ತೋರಿಸಿದೆ. ಅವನು ನನ್ನನ್ನು ಬಿಟ್ಟು ಬಾಗಿಲ ಬಳಿ ನಿಂತಿದ್ದ ಸತ್ಯಂ ಕಡೆ ನೋಡಿದ. ಸತ್ಯಂ ತಲೆ ತಗ್ಗಿಸಿದ.

ಆ ಮಧ್ಯಾಹ್ನದೊಳಗೆ ಎಲ್ಲ ಹೊರಗೆ ಬಂತು. ಸತ್ಯಂ ಊಟದ ಡಬ್ಬಿಯಲ್ಲಿ ಮಾತ್ರೆ ಇಟ್ಟುಕೊಂಡು ಮಂಗಳವಾರ ಬೆಳಿಗ್ಗೆ ಗೇಟಿನ ಹೊರಗೆ ಬಿ.ಪಿ. ಇದ್ದವರಿಗೆಲ್ಲ ಎರಡೆರಡು, ಮೂರು ಮೂರು ಕೊಡುತ್ತಿದ್ದ. ಮಂಗಳವಾರದ ಮಾತ್ರೆ ಎಂದೇ ಅದಕ್ಕೆ ಹೆಸರು. ಪರೀಕ್ಷೆ ಮುಗಿದರೆ ಮುಂದಿನ ಪಾಸಿನವರೆಗೆ ಯಾರೂ ಮಾತ್ರೆ ಮುಟ್ಟುವುದಿಲ್ಲ. ಅವನಿಗೆ ಮಾತ್ರೆ ಕೊಡುತ್ತಿದ್ದವರು ನಮ್ಮ ಕಾಯಂ ನೌಕರರು. ಒಬ್ಬ ಕ್ರೇನ್ ಚಾಲಕನನ್ನು ಕರೆಸಿ ಕೇಳಿದೆ. ಅವನಿಗೆ ಸ್ವಲ್ಪವೂ ಅಳುಕಿರಲಿಲ್ಲ. ನನಗೆ ಸುಮ್ಮನೆ ಸಿಗುತ್ತದೆ, ನನಗೇನೂ ಆಗಿಲ್ಲ, ನಾನು ತಿನ್ನುವುದಿಲ್ಲ, ಅವರಿಗೆ ಮಂಗಳವಾರ ಬೇಕಾಗುತ್ತದೆ, ಕೊಟ್ಟೆ, ಒಳ್ಳೆಯದೇ ಅಲ್ಲವೇ ಎಂದ. ಅಂದರೆ ಮಾತ್ರೆ ಇದ್ದವನು ತಿನ್ನುತ್ತಿರಲಿಲ್ಲ, ತಿನ್ನುವವನ ಬಳಿ ಮಾತ್ರೆ ಇರುತ್ತಿರಲಿಲ್ಲ. ಆ ಮಾತ್ರೆಗಳನ್ನು ಎಣಿಸಿ ಕೊಟ್ಟಿದ್ದವಳು ನಾನೇ.

ಗುತ್ತಿಗೆಯವರಿಗೆ ಆಸ್ಪತ್ರೆ ಇರಲೇ ಇಲ್ಲ ಎಂದಲ್ಲ. ಕಾರ್ಮಿಕರ ವಿಮೆಯ ದವಾಖಾನೆ ಒಂದಿತ್ತು. ಎರಡು ಬಸ್ಸು ಬದಲಿಸಬೇಕು, ಬೆಳಿಗ್ಗೆ ಹೋದರೆ ಮಧ್ಯಾಹ್ನ ಚೀಟಿ ಸಿಗುತ್ತದೆ, ಆ ದಿನದ ಕೂಲಿ ಹೋಗುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ದಿನಾ ಮಾತ್ರೆ ತಿನ್ನುವವನು ರೋಗಿ, ರೋಗಿಯನ್ನು ಯಾವ ಮೇಸ್ತ್ರಿಯೂ ಕೆಲಸಕ್ಕೆ ಕರೆಯುವುದಿಲ್ಲ.

ನಾನು ನಮ್ಮ ಮೇಲಧಿಕಾರಿ ಡಾಕ್ಟರ್ ಪದ್ಮಜಾ ಅವರಿಗೆ ಎಲ್ಲ ಹೇಳಿದೆ. ನಾಳೆಯೇ ತಿಳಿಸದೆ ಪರೀಕ್ಷೆ ಮಾಡಿ ಎಂದರು. ಬುಧವಾರ ಬೆಳಿಗ್ಗೆ ಆರೂವರೆಗೆ ನಾನೂ ಪಾಟೀಲರೂ ಗೇಟಿನಲ್ಲೇ ಕುರ್ಚಿ ಹಾಕಿಸಿ ಕೂತೆವು. ಹಿಂದಿನ ದಿನದ ಮಾತ್ರೆಯ ಗುಣ ಇಳಿದ ಮೈಗಳು. ಏಳು ಜನರ ಬಿ.ಪಿ. ಮಿತಿಗಿಂತ ಬಹಳ ಮೇಲಿತ್ತು. ಅಪ್ಪಲರಾಜುವಿನದು 188/114. ಏಳು ಹೆಸರಿನ ಮುಂದೆ ನಾನು ಅಚ್ಚುಕಟ್ಟಾಗಿ ‘ಅನ್‌ಫಿಟ್’ ಎಂದು ಬರೆದು ಸಹಿ ಮಾಡಿದೆ. ಹನ್ನೊಂದು ಗಂಟೆಯೊಳಗೆ ಗೇಟಿನ ಕಾವಲಿನವರು ಅವರ ಗೇಟ್ ಪಾಸ್ ಕಿತ್ತುಕೊಂಡು ಹೊರಗೆ ಕಳಿಸಿದರು. ಬಹಳ ದಿನದಿಂದ ಕೊಳಕಾಗಿದ್ದ ಕಪಾಟು ಒರೆಸಿದ ಹಾಗೆ ನನಗೆ ಸಮಾಧಾನವಾಯಿತು. ಇದನ್ನು ಮುಚ್ಚಿಡುವುದಿಲ್ಲ.

ಸಂಜೆ ಸತ್ಯಂ ಬಂದು ಬಾಗಿಲಲ್ಲೇ ನಿಂತ. ಬೈಯುತ್ತಾನೆ ಅಂದುಕೊಂಡೆ. ಅವನು ಬೈಯಲಿಲ್ಲ.

“ನೀವು ಮಾಡಿದ್ದು ಸರಿಯಾಗಿದೆ ಸಿಸ್ಟರ್ ಗಾರು,” ಎಂದ. “ಒಂದು ಕೇಳುತ್ತೇನೆ. ನಾಳೆ ಬೆಳಿಗ್ಗೆ ಈ ಏಳು ಜನ ಎಲ್ಲಿಗೆ ಹೋಗಬೇಕು, ಅದನ್ನೂ ಬರೆದಿದ್ದೀರಾ?”

ನಾನು ಕಂದು ರಿಜಿಸ್ಟರ್ ತೆರೆದು ನೋಡಿದೆ. ಪುಸ್ತಕದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮುಂದಿನ ಮಂಗಳವಾರ ನಮ್ಮ ಬೆಂಚು ಖಾಲಿ. ಗುತ್ತಿಗೆದಾರರು ಹೊರಗಿನ ಯಾವುದೋ ಕ್ಲಿನಿಕ್ಕಿನಿಂದ ಫಿಟ್‌ನೆಸ್ ಸರ್ಟಿಫಿಕೇಟ್ ತರಿಸಿಕೊಳ್ಳತೊಡಗಿದರು. ಎಲ್ಲದರಲ್ಲೂ 120/80. ಮೊದಲು ಮಾತ್ರೆ ನುಂಗಿಯಾದರೂ ನನ್ನ ಕಣ್ಣ ಮುಂದೆ ಕೂರುತ್ತಿದ್ದರು, ಈಗ ಅದೂ ಇಲ್ಲ. ಡಾಕ್ಟರು ಆಡಳಿತಕ್ಕೆ ಪತ್ರ ಬರೆದರು. ಉತ್ತರ ಬರಲಿಲ್ಲ.

ಒಂದು ತಿಂಗಳಾಗಿರಬೇಕು. ಪಾಟೀಲರು ಊರಂಚಿನ ಮಧುರವಾಡದ ಹೊಸ ಅಪಾರ್ಟ್‌ಮೆಂಟಿನಲ್ಲಿ ಒಂಬತ್ತನೇ ಮಹಡಿಯಲ್ಲಿ ಫ್ಲ್ಯಾಟ್ ತೆಗೆದುಕೊಂಡಿದ್ದರು. ಕಟ್ಟಡದ ಕೆಲಸ ಇನ್ನೂ ನಡೆಯುತ್ತಿತ್ತು. ಭಾನುವಾರ ಹೋಗಿ ನೋಡಿ ಬಂದವರು ಸೋಮವಾರ ನನ್ನ ಮೇಜಿನ ಮುಂದೆ ಕೂತು ಹೇಳಿದರು.

“ಸಿಸ್ಟರ್, ನೀವು ತಗದ್ ಹಾಕಿದ ಮನಿಷ್ಯಾ ಇದ್ನಲ್ರೀ, ಮೂರ್ಛಿ ಬಿದ್ದಾಂವ. ಅಂವ ಈಗ ನನ್ನ ಫ್ಲ್ಯಾಟಿನ ಗ್ವಾಡಿ ಹೊರಗ ಜೋತಾಡಾಕತ್ತಾನ.”

ಅವನನ್ನು ಇಳಿಸಿದ್ದೇವಲ್ಲ ಎಂದೆ, ಮೂರ್ಖಳ ಹಾಗೆ.

“ಕಾಗದದ ಮ್ಯಾಲಿಂದ ಇಳಿಸೀವ್ರಿ. ಪೈಪಿನ ಮ್ಯಾಲಿಂದ ಯಾರ ಇಳಿಸ್ಯಾರ?” ಎಂದು ಅವರು ಎದ್ದುಹೋದರು.

ಆ ವಾರ ವಿಜಯವಾಡದ ಆ ಕೈ, ಎತ್ತಿಟ್ಟರೂ ಜಾರುತ್ತಿದ್ದ ಕೈ, ದಿನವೂ ಕಣ್ಣಿಗೆ ಬರುತ್ತಿತ್ತು. ಶನಿವಾರ ಪಾಟೀಲರಿಗೆ ಹೇಳಿದೆ, ನಾಳೆ ನಾನೂ ಬರುತ್ತೇನೆ, ನನ್ನನ್ನು ಒಳಗೆ ಬಿಡಿಸಿ. ನಮ್ಮ ಗೇಟಿನ ಹೊರಗಿನವನು ನಮ್ಮ ಹೊಣೆಯಲ್ಲ ಸಿಸ್ಟರ್ ಎಂದರು. ಹೊಣೆಯಲ್ಲ, ಆದರೂ ಬರುತ್ತೇನೆ ಎಂದೆ.

ಬಿ.ಪಿ. ಯಂತ್ರ ಚೀಲದಲ್ಲಿಟ್ಟುಕೊಂಡು ಹತ್ತು ಗಂಟೆಗೆ ಅಲ್ಲಿದ್ದೆ. ಫ್ಲ್ಯಾಟಿನ ಮಾಲೀಕರ ಜೊತೆ ಬಂದವಳೆಂದು ಕಾವಲುಗಾರ ಒಳಗೆ ಬಿಟ್ಟ. ತಲೆಯೆತ್ತಿ ನೋಡಿದೆವು. ಒಂಬತ್ತನೇ ಮಹಡಿಯ ಹೊರಗೆ ಪೈಪಿನ ಮೇಲೆ ನಿಂತು ಅಪ್ಪಲರಾಜು ಕ್ಲಾಂಪು ಬಿಗಿಯುತ್ತಿದ್ದ. ಬಿಸಿಲು ಗೋಡೆಗೆ ಹೊಡೆದು ಹಿಂದಕ್ಕೆ ಬರುತ್ತಿತ್ತು. ಸೊಂಟದಲ್ಲಿ ಸೇಫ್ಟಿ ಬೆಲ್ಟ್ ಇತ್ತು, ಅದರ ಹುಕ್ಕನ್ನು ಎಲ್ಲಿಯೂ ಸಿಕ್ಕಿಸಿರಲಿಲ್ಲ. ಹಗ್ಗ ಬೆನ್ನ ಹಿಂದೆ ಬಾಲದ ಹಾಗೆ ತೂಗಾಡುತ್ತಿತ್ತು.

ನಾನು ಕೂಗಲು ಬಾಯಿ ತೆರೆದೆ. ಪಾಟೀಲರು ನನ್ನ ತೋಳು ಹಿಡಿದರು. “ಕೂಗಬ್ಯಾಡ್ರಿ.”

ಎತ್ತರದಲ್ಲಿ ನಿಂತವನನ್ನು ಕೆಳಗಿನಿಂದ ಹೆಸರು ಹಿಡಿದು ಕೂಗಬಾರದು. ಹೆಸರು ಕೇಳಿದವನು ತಿರುಗುತ್ತಾನೆ, ತಿರುಗಿದವನು ಕಾಲು ಎಲ್ಲಿದೆ ಎಂದು ಮರೆಯುತ್ತಾನೆ. ನೀವೂ ಇದನ್ನು ನೆನಪಿಡಿ. ಸೈಟಿನ ಸೂಪರ್‌ವೈಸರನನ್ನು ಹುಡುಕಿ ಅವನನ್ನು ಕೆಳಗಿಳಿಸಿ ಎಂದು ಕೇಳಿದೆವು. ಊಟದ ಹೊತ್ತಿಗೆ ಇಳಿಯುತ್ತಾನೆ ಸಾರ್, ನಡುವೆ ಇಳಿಸಿದರೆ ಕೆಲಸ ನಿಲ್ಲುತ್ತದೆ ಎಂದ. ಊಟ ಒಂದು ಗಂಟೆಗೆ.

ನಾವಿಬ್ಬರೂ ಮರಳಿನ ರಾಶಿಯ ಪಕ್ಕ ನಿಂತೆವು. ವರ್ಷಗಟ್ಟಲೆ ಗಡಿಯಾರ ನೋಡಿ ಕೆಲಸ ಮಾಡಿದವಳಿಗೆ ಗಡಿಯಾರ ಅಷ್ಟು ನಿಧಾನವಾಗಿ ನಡೆದದ್ದು ನೆನಪಿಲ್ಲ. ಅವನು ಒಂದು ಪೈಪಿನಿಂದ ಇನ್ನೊಂದಕ್ಕೆ ದಾಟುತ್ತಿದ್ದ. ಪ್ರತಿಸಲ ದಾಟುವಾಗ ಪಾಟೀಲರು ಉಸಿರು ಹಿಡಿಯುವುದು ನನಗೆ ಕೇಳುತ್ತಿತ್ತು. ಹನ್ನೊಂದು ದಾಟಿದ ಮೇಲೆ ಅವನು ಕೆಲಸ ನಿಲ್ಲಿಸಿದ. ಮುಂಗೈಯಿಂದ ಹಣೆ ಒತ್ತಿಕೊಂಡ. ಮತ್ತೆ ಸ್ಪ್ಯಾನರ್ ಎತ್ತಿದ. ಮತ್ತೆ ನಿಲ್ಲಿಸಿದ. ಮೆಲ್ಲನೆ ಹಲಗೆಯ ಮೇಲೆ ಕೂತು, ನೆಟ್ಟಗೆ ನಿಂತ ಪಕ್ಕದ ಪೈಪನ್ನು ಎರಡು ತೋಳಿನಿಂದ ತಬ್ಬಿಕೊಂಡ. ಆಮೇಲೆ ಅಲುಗಾಡಲಿಲ್ಲ.

ದಣಿವಾರಿಸಿಕೊಳ್ಳುತ್ತಿದ್ದಾನೆ ಎಂದ ಸೂಪರ್‌ವೈಸರ್. ಪಾಟೀಲರು ಅವನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಇಬ್ಬರು ಕೆಲಸಗಾರರನ್ನು ಕರೆದು ಬೆರಳು ತೋರಿಸಿ ಒಂದೊಂದೇ ಹೇಳಿದರು. ಒಳಗಿನ ಮೆಟ್ಟಿಲಿನಿಂದ ಹೋಗಬೇಕು. ಮಾತಾಡಿಸಬಾರದು. ಮೊದಲು ಅವನ ಹುಕ್ ಸಿಕ್ಕಿಸಬೇಕು, ಆಮೇಲೆಯೇ ಅವನನ್ನು ಮುಟ್ಟಬೇಕು. ಬಾಲ್ಕನಿಯಿಂದ ಒಳಗೆ ಎಳೆದುಕೊಳ್ಳಬೇಕು.

ನಾವೂ ಹಿಂದೆಯೇ ಹತ್ತಿದೆವು. ಲಿಫ್ಟ್ ಇನ್ನೂ ಹಾಕಿರಲಿಲ್ಲ. ಐದನೇ ಮಹಡಿಯಿಂದ ಮೇಲೆ ಗೋಡೆ ಹಿಡಿದು ಹತ್ತಿದೆ. ನಾವು ಮುಟ್ಟುವ ಹೊತ್ತಿಗೆ ಅವನನ್ನು ಒಳಗೆ ತಂದು ಖಾಲಿ ಸಿಮೆಂಟ್ ಚೀಲಗಳ ಮೇಲೆ ಮಲಗಿಸಿದ್ದರು. ಪಾಟೀಲರ ಹೊಸ ಮನೆಯ ಹಾಲ್ ಅದು. ಸೋಫಾ ಎಲ್ಲಿ, ಟಿ.ವಿ. ಎಲ್ಲಿ ಎಂದು ಅವರ ಹೆಂಡತಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿದ್ದರು.

ಐದು ನಿಮಿಷ ಕಾಯುವ ಕ್ರಮ ಅಂದು ನಾನು ಬಿಟ್ಟೆ. 212/124. ಪಟ್ಟಿ ಬಿಚ್ಚುವಾಗ ಅಪ್ಪಲರಾಜು ಕಣ್ಣು ತೆರೆದು ನನ್ನನ್ನು ಗುರುತಿಸಿದ.

“ಸಿಸ್ಟರ್ ಗಾರು, ಬರೆಯಬೇಡಿ,” ಎಂದ.

ಇಲ್ಲಿ ರಿಜಿಸ್ಟರ್ ಇಲ್ಲ ಅಪ್ಪಲರಾಜು ಎಂದೆ.

ಅವನು ಬಿಚ್ಚಿದ ಪಟ್ಟಿಯ ಕಡೆ ನೋಡಿದ. “ಬರೆಯುವುದಕ್ಕಲ್ಲದಿದ್ದರೆ ಯಾಕೆ ನೋಡಿದಿರಿ?”

ಕುಹಕವಿರಲಿಲ್ಲ ಆ ಮಾತಿನಲ್ಲಿ. ಅವನಿಗೆ ನಿಜವಾಗಿಯೂ ತಿಳಿಯದೆ ಕೇಳಿದ್ದು. ಹತ್ತು ವರ್ಷದಲ್ಲಿ ಅವನ ತೋಳಿಗೆ ಪಟ್ಟಿ ಕಟ್ಟಿದವರು ಯಾರೂ ಅವನಿಗಾಗಿ ಕಟ್ಟಿರಲಿಲ್ಲ. ಕಟ್ಟಿದವಳು ನಾನೇ ಆದ್ದರಿಂದ ಬೇರೆಯವರನ್ನು ದೂರುವಂತಿಲ್ಲ. ಪಾಟೀಲರು ಗೋಡೆಯ ಕಡೆ ತಿರುಗಿ ನಿಂತಿದ್ದರು.

ಅವರ ಕಾರಿನಲ್ಲೇ ಊರಿನ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಸೇರಿಸಿದೆವು. ಎಂಟು ದಿನ ಅಲ್ಲಿದ್ದ. ಕೈಕಾಲು ಉಳಿದವು. ಎಡಗಣ್ಣಿನ ದೃಷ್ಟಿ ಬಹುಪಾಲು ಹೋಯಿತು. ಒಂದು ತಿಂಗಳ ಹಿಂದೆ ಅವನನ್ನು ಹೊರಗೆ ಕಳಿಸದೆ ಮಾತ್ರೆ ಕೊಟ್ಟಿದ್ದರೆ ಉಳಿಯುತ್ತಿತ್ತೇ ಎಂದು ಡಾಕ್ಟರ್ ಪದ್ಮಜಾ ಅವರನ್ನು ಕೇಳಿದೆ. ಅವರು ಸಮಾಧಾನ ಹೇಳುವವರಲ್ಲ. ಉಳಿಯುವ ಸಾಧ್ಯತೆ ಇತ್ತು ಎಂದರು.

ಮುಂದಿನ ಸೋಮವಾರ ನಾನು ಅಡಿಪಟ್ಟಿ ತೆಗೆದುಕೊಂಡು ಕಂದು ರಿಜಿಸ್ಟರಿನ ಬಲಗಡೆ ಉಳಿದಿದ್ದ ಅಂಚಿನಲ್ಲಿ ಒಂದು ಗೆರೆ ಎಳೆದೆ. ಮೇಲೆ ‘ಮುಂದೇನು’ ಎಂದು ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಬರೆದೆ. ಡಾಕ್ಟರ ಮುಂದೆ ಇಟ್ಟೆ. ನಿಯಮಪುಸ್ತಕ ತಿರುವಿ ನೋಡಿ, ಬೇಡ ಎಂದು ಎಲ್ಲಿಯೂ ಇಲ್ಲ, ಇಷ್ಟು ದಿನ ಯಾರೂ ಗೆರೆ ಎಳೆದಿರಲಿಲ್ಲ ಅಷ್ಟೆ ಎಂದು ಸಹಿ ಮಾಡಿದರು.

ಗೆರೆ ಎಳೆಯುವುದು ಸುಲಭ, ಅದರೊಳಗೆ ಏನು ಬರೆಯುವುದು? ಟೌನ್‌ಶಿಪ್ಪಿನ ಮಾತ್ರೆ ಗುತ್ತಿಗೆಯವರಿಗೆ ಕೊಡಲಾಗದು ಎಂದು ಆಡಳಿತ ಸ್ಪಷ್ಟವಾಗಿ ಹೇಳಿತು. ನೆಲದ ಕೆಲಸಕ್ಕೆ ಹಾಕಿದರೆ ಎತ್ತರದ ಕೂಲಿ ಕೊಡುವುದಿಲ್ಲ ಎಂದು ಗುತ್ತಿಗೆದಾರ ಹೇಳಿದ. ಎತ್ತರದವರ ಕೂಲಿಗೂ ನೆಲದವರ ಕೂಲಿಗೂ ಬಹಳ ಅಂತರ. ಆ ಅಂತರ ಉಳಿಸಿಕೊಳ್ಳಲಿಕ್ಕೇ ಅವರು ಮೂರು ಮೂರು ಮಾತ್ರೆ ನುಂಗುತ್ತಿದ್ದದ್ದು.

ಇಲ್ಲಿ ಪಾಟೀಲರು ಕೆಲಸಕ್ಕೆ ಬಂದರು. ಸುರಕ್ಷತಾ ತರಬೇತಿಯ ದಿನ ಕಾರ್ಮಿಕನಿಗೆ ಪೂರ್ತಿ ಕೂಲಿ ಕೊಡಬೇಕೆಂದು ಕರಾರಿನಲ್ಲಿತ್ತು. ಅವರು ವಿಮೆಯ ದವಾಖಾನೆಗೆ ಹೋಗಿಬರುವುದನ್ನೇ ತಿಂಗಳಿಗೊಂದು ತರಬೇತಿ ಎಂದು ಹಾಕಿ, ವ್ಯಾನ್ ಕೊಡಿಸಿದರು. ಇನ್ನೊಂದು. ಸೇಫ್ಟಿ ಬೆಲ್ಟುಗಳನ್ನು ದಿನವೂ ಪರೀಕ್ಷಿಸಲು ಅನುಭವಿಯೊಬ್ಬ ಬೇಕೆಂದು ನಿಯಮದಲ್ಲಿತ್ತು, ಆ ಜಾಗದಲ್ಲಿ ಯಾರೂ ಇರಲಿಲ್ಲ. ಕೂಲಿ ಎತ್ತರದವರಷ್ಟೇ. ಅಲ್ಲಿಗೆ ಅಪ್ಪಲರಾಜುವನ್ನು ಹಾಕಿ ಎಂದರು. ಗುತ್ತಿಗೆದಾರ ತಕರಾರು ತೆಗೆದ. ಒಂದೇ ಕಣ್ಣಿನವನು ಬೆಲ್ಟ್ ಏನು ನೋಡುತ್ತಾನೆ ಎಂದ. “ಎರಡೂ ಕಣ್ಣಿದ್ದ ನಾವು ಏನ್ ನೋಡಿದ್ವಿ?” ಎಂದು ಪಾಟೀಲರು ಆಮೇಲೆ ನನ್ನ ಮುಂದೆ ಕನ್ನಡದಲ್ಲಿ ಹೇಳಿದರು. ಅವನ ಮುಂದೆ ಇಂಗ್ಲಿಷಿನಲ್ಲಿ ಏನು ಹೇಳಿದರೋ ಗೊತ್ತಿಲ್ಲ, ಅಪ್ಪಲರಾಜುವಿಗೆ ಗೇಟ್ ಪಾಸ್ ಬಂತು.

ಬೆಲ್ಟುಗಳ ಶೆಡ್ಡಿನಲ್ಲಿ ಅವನು ಒಂದೊಂದು ಹುಕ್ಕನ್ನೂ ಕಿವಿಯ ಹತ್ತಿರ ಹಿಡಿದು ಅದುಮಿ ಬಿಡುತ್ತಿದ್ದ. ಸ್ಪ್ರಿಂಗಿನ ಸದ್ದಿನಲ್ಲೇ ದೋಷ ತಿಳಿಯುತ್ತಿತ್ತು. ಹೊಸಬರ ಸೊಂಟದ ಹುಕ್ಕನ್ನು ತಾನೇ ಎಳೆದು ನೋಡಿ ಕಳಿಸುತ್ತಿದ್ದ. ಮಂಗಳವಾರ ನನ್ನ ಬೆಂಚಿಗೆ ಬಂದು ಕೂರುತ್ತಿದ್ದ. ಮೊದಲ ದಿನ, ಮಾತ್ರೆ ದಿನಾ ತಿನ್ನುತ್ತಿದ್ದೀಯಾ ಎಂದು ಕೇಳಿದೆ.

“ಆಣೆ ಇಡುವುದಿಲ್ಲ,” ಎಂದು ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ. “ನೀವೇ ನೋಡಿ.”

ಆ ದಿನಕ್ಕೆ ಎಷ್ಟು ಖಾಲಿಯಾಗಿರಬೇಕೋ ಅಷ್ಟೇ ಖಾಲಿಯಾಗಿತ್ತು. 146/90 ಬಂತು. ಬರೆದೆ. ಏನು ಬರೆದಿರಿ ಎಂದು ಕೇಳಿದ. ಪುಸ್ತಕ ತಿರುಗಿಸಿ ತೋರಿಸಿದೆ. ಅವನಿಗೆ ಓದು ಅಷ್ಟಾಗಿ ಬರುತ್ತಿರಲಿಲ್ಲ. ಕೊನೆಯ ಅಂಕಣದಲ್ಲಿ ಅಕ್ಷರ ಇದೆಯೆಂದು ನೋಡಿಕೊಂಡು ಹೋದ. ಮೆಲ್ಲಮೆಲ್ಲನೆ ಉಳಿದವರೂ ಬೆಂಚಿಗೆ ಮರಳಿದರು. ಸತ್ಯಂ ಡಬ್ಬಿಯಲ್ಲಿ ಅನ್ನ ಮಾತ್ರ ತರತೊಡಗಿದ ಎಂದು ಬರೆಯಬಹುದು, ಆದರೆ ನಾನು ಅವನ ಡಬ್ಬಿ ತೆರೆದು ನೋಡಿಲ್ಲ.

ಆಮೇಲೆ ಯಂತ್ರಗಳು ಬದಲಾದವು, ರಿಜಿಸ್ಟರ್ ಹೋಗಿ ಕಂಪ್ಯೂಟರ್ ಬಂತು. ನಿಮ್ಮ ಕೇಂದ್ರದಲ್ಲಿ ಅಂಕಿ ತಾನೇ ಪರದೆಯ ಮೇಲೆ ಮೂಡುತ್ತದಂತೆ. ಒಳ್ಳೆಯದು, ಕಣ್ಣು ಬಿಡುವಾಗಿರುತ್ತದೆ, ಮುಖ ನೋಡಿ. ಕೊನೆಯ ಮಾತ್ರೆ ಯಾವಾಗ ತಿಂದಿರಿ ಎಂದು ಕೇಳಿ. ಕೇಳುವ ಮೊದಲು, ಅವರು ನಿಜ ಹೇಳಿದರೆ ಅವರಿಗೇನಾಗುತ್ತದೆ ಎಂದು ನೀವು ತಿಳಿದುಕೊಂಡಿರಬೇಕು. ಕೆಲಸ ಹೋಗುತ್ತದೆ ಎಂದಾದರೆ ಯಾರೂ ನಿಜ ಹೇಳುವುದಿಲ್ಲ, ನಿಮ್ಮ ಕಂಪ್ಯೂಟರಿನ ತುಂಬ ಸುಳ್ಳು ಆರೋಗ್ಯ ತುಂಬಿರುತ್ತದೆ. ಆಮೇಲೆ ಯಾರಾದರೂ ಅದನ್ನು ನೋಡಿ, ನಾನು ಮಾಡಿದ ಹಾಗೆ, ಭಾಷಣ ಮಾಡುತ್ತಾರೆ.

ಅಂದು ನಾನು ‘ಅನ್‌ಫಿಟ್’ ಎಂದು ಬರೆದದ್ದು ಏಳು ಹೆಸರು. ಅಪ್ಪಲರಾಜು ಸಿಕ್ಕಿದ. ಅವನು ತಾನೇ ಊರವರನ್ನು ವಿಚಾರಿಸಿ ಇನ್ನಿಬ್ಬರನ್ನು ಹುಡುಕಿ ತಂದ. ಉಳಿದ ನಾಲ್ವರು ಎಲ್ಲಿ ಹತ್ತುತ್ತಿದ್ದಾರೋ ತಿಳಿಯಲಿಲ್ಲ. ನಿವೃತ್ತಿಯ ದಿನ ಬೀಗದ ಕೈ, ಸೀಲು, ಯಂತ್ರ ಎಲ್ಲವನ್ನೂ ಪಟ್ಟಿ ಮಾಡಿ ಒಪ್ಪಿಸಿದೆ. ಆ ನಾಲ್ಕು ಹೆಸರು ಮಾತ್ರ ಒಂದು ಚೀಟಿಯಲ್ಲಿ ಬರೆದು ನನ್ನ ಪರ್ಸಿನಲ್ಲಿಟ್ಟುಕೊಂಡು ಬಂದೆ. ವಿಜಯವಾಡದಲ್ಲಿ ಎಲ್ಲಿ ಸಾರುವೆ ಕಂಡರೂ ನಿಂತು ತಲೆಯೆತ್ತುತ್ತೇನೆ. ಮಗಳು, ಏನಮ್ಮಾ ದಾರಿಯಲ್ಲಿ ಎಂದು ತೆಲುಗಿನಲ್ಲಿ ಗದರುತ್ತಾಳೆ.

ಅಪ್ಪಲರಾಜು ಈಗಲೂ ಮಂಗಳವಾರ ಬೆಳಿಗ್ಗೆ ಫೋನ್ ಮಾಡಿ ತನ್ನ ಅಂಕಿ ಹೇಳುತ್ತಾನೆ. ಇಂದು ಅಂಕಿ ಹೇಳಿದ ಮೇಲೆ ಇನ್ನೊಂದು ಮಾತು ಹೇಳಿದ. ನಾಲ್ವರಲ್ಲಿ ಒಬ್ಬ, ರಮಣ, ವಿಜಯವಾಡದಲ್ಲೇ ಇದ್ದಾನಂತೆ. ಹೆದ್ದಾರಿಯ ಪಕ್ಕ ಏಳುತ್ತಿರುವ ಹೊಸ ಕಟ್ಟಡದಲ್ಲಿ ಸಾರುವೆ ಕೆಲಸ. ಮಗಳ ಮನೆಯಿಂದ ಒಂದು ಬಸ್ಸಿನ ದಾರಿ.

ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿದ್ದೇನೆ. ನಾಳೆ ಮೊದಲ ಬಸ್ಸು ಬೆಳಿಗ್ಗೆ ಐದೂ ಮುಕ್ಕಾಲಿಗೆ. ಸಾರುವೆಯವರು ಮೇಲೆ ಹತ್ತುವುದು ಏಳಕ್ಕೆ. ಅಷ್ಟರೊಳಗೆ ನಾನು ಅಲ್ಲಿರಬೇಕು.